ಒಂಬತ್ತು ನೀರು

ವಯಸ್ಸಾದವರ ತಲೆಯೇ ಮೊದಲು ಕೆಡುತ್ತದೆ ಎಂದು ನಂಬಿದ್ದಾಗ ನನಗೆ ಇಪ್ಪತ್ತಾರು ವರ್ಷ. ವಿಜಾಪುರದಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ ಪುಣೆಗೆ ಬಂದು, ಕೋಥರೂಡದಲ್ಲಿ ಏಳುತ್ತಿದ್ದ ಒಂದು ಸೊಸೈಟಿಯ ಕಟ್ಟಡಗಳಿಗೆ ಸೂಪರ್‌ವೈಸರ್ ಆಗಿದ್ದೆ. ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ಒಂದು ರಿಜಿಸ್ಟರ್. ಬರೆದಿಟ್ಟದ್ದು ಖರೆ, ಉಳಿದದ್ದೆಲ್ಲ ಬಾಯಿಮಾತು ಎಂಬುದು ನನ್ನ ಸಿದ್ಧಾಂತ. ಆ ಸೊಕ್ಕನ್ನು ಇಳಿಸಿದವಳು ತಿಪ್ಪವ್ವ.

ತಿಪ್ಪವ್ವ ಸುರಪುರದ ಕಡೆಯವಳು. ಮಗ ಜೈಭೀಮ ನಮ್ಮಲ್ಲೇ ಗೋಡೆ ಕಟ್ಟುವ ಗೌಂಡಿ, ಸೊಸೆ ಶಿವಕಾಂತಾ ಬುಟ್ಟಿ ಹೊರುತ್ತಿದ್ದಳು. ಮುದುಕಿಯ ಕೆಲಸ ಸ್ಲ್ಯಾಬುಗಳಿಗೆ ನೀರು ಹೊಡೆಯುವುದು. ಹೊಸ ಸ್ಲ್ಯಾಬ್ ಹಾಕಿದ ಮೇಲೆ ಅದರ ಸುತ್ತ ಸಣ್ಣ ಬದು ಕಟ್ಟಿ ದಿನವೂ ನೀರು ನಿಲ್ಲಿಸಬೇಕು. ಕೆಳಗೆ ಕೊಟ್ಟ ಬಲ್ಲಿಗಳು, ಅಂದರೆ ಸ್ಲ್ಯಾಬನ್ನು ಹೊತ್ತು ನಿಂತ ಕಟ್ಟಿಗೆಯ ಊರುಗೋಲುಗಳು, ಹದಿನಾಲ್ಕು ದಿನ ಅಲುಗಬಾರದು. ಕಾಂಕ್ರೀಟು ಬಲಿಯುವ ಮುಂಚೆ ಅವನ್ನು ತೆಗೆದರೆ ಮೇಲಿನದು ಕೆಳಗೆ ಬರುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅವಳು ಮೂವತ್ತು ವರ್ಷ ಮಾಡಿ ಕಲಿತಿದ್ದಳು.

ತೊಂಬತ್ತೇಳರ ದೀಪಾವಳಿಯ ಹೊತ್ತಿಗೆ ಒಂದು ಘಟನೆ ನಡೆಯಿತು. ಕಾಯಿಪಲ್ಲೆ ಮಂಡಿಗೆ ಹೋದ ತಿಪ್ಪವ್ವ ವಾಪಸು ಬರುವಾಗ ತಪ್ಪು ಬಸ್ಸು ಹತ್ತಿ ಖಡಕಿಯಲ್ಲಿ ಇಳಿದಳು. ಇಳಿದ ಮೇಲೆ ತಾನು ವಾಸವಿರುವ ಜಾಗದ ಹೆಸರೇ ಅವಳಿಗೆ ಬಾಯಿಗೆ ಬರಲಿಲ್ಲ. ‘ಕೋಥರೂಡ’ ಎಂಬ ನಾಲ್ಕು ಅಕ್ಷರ ಹೊಳೆಯದೆ ಎರಡು ತಾಸು ಅಲ್ಲಿಯ ಫ್ಯಾಕ್ಟರಿಯೊಂದರ ಗೋಡೆಗೆ ಒರಗಿ ನಿಂತಿದ್ದಳಂತೆ. ಸಂಜೆ ಶಿಫ್ಟ್ ಬಿಟ್ಟಾಗ ಕನ್ನಡ ಬಲ್ಲ ಒಬ್ಬ ಪುಣ್ಯಾತ್ಮ ಸಿಕ್ಕು, ಗುರುತು ಕೇಳಿ ಕರೆತಂದು ಬಿಟ್ಟ. ಮರುದಿನದಿಂದ ಶೆಡ್ಡುಗಳಲ್ಲಿ ಅದೇ ಮಾತು. “ಅರವತ್ತಕ್ಕ ಅರಳು ಮರಳು” ಎಂದು ಕಾಶವ್ವ ಅಂದಳು. ಕಾಶವ್ವ ಪಕ್ಕದ ಶೆಡ್ಡಿನವಳು, ವಯಸ್ಸಿನಲ್ಲಿ ತಿಪ್ಪವ್ವನಿಗಿಂತ ಎರಡೇ ವರ್ಷ ಚಿಕ್ಕವಳು.

“ಅರವತ್ತು ದಾಟಿ ಐದು ವರ್ಷ ಆತು” ಎಂದಳು ತಿಪ್ಪವ್ವ. “ಮರಳು ಬೇಕಾದ್ರ ಅಲ್ಲಿ ಗುಡ್ಡಿ ಹಾಕ್ಯಾರ, ಹೋಗಿ ತಿನ್ನು.”

ಜೈಭೀಮ ಹೆದರಿದ. ಬುದ್ಧಿ ಚುರುಕಾಗುವ ಟಾನಿಕ್ಕು ಎಂದು ಒಂದು ಬಾಟ್ಲಿ ತಂದ. ತಿಪ್ಪವ್ವ ಅದರ ವಾಸನೆ ನೋಡಿ ಗಟಾರಕ್ಕೆ ಸುರುವಿ, ಬಾಟ್ಲಿ ತೊಳೆದು ಕುಸುಬೆ ಎಣ್ಣೆ ತುಂಬಿಟ್ಟಳು. ನಾನೂ ಸುಮ್ಮನಿರಲಿಲ್ಲ. ಸ್ಲ್ಯಾಬಿನ ಅಂಚಿನಲ್ಲಿ ಓಡಾಡುವ ಹೆಂಗಸಿಗೆ ನೆನಪು ಹಾರಿದರೆ ಗತಿ ಏನು? ಸಂಕ್ರಾಂತಿಯ ಮೇಲೆ ಅವಳನ್ನು ನೀರಿನ ಕೆಲಸದಿಂದ ತೆಗೆದು ಆಳುಗಳ ಕೂಸುಗಳನ್ನು ಕಾಯಲಿಕ್ಕೆ ಕೂಡಿಸುವುದು ಎಂದು ಜೈಭೀಮನಿಗೆ ಹೇಳಿಬಿಟ್ಟೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೆ. ಒಳ್ಳೆಯ ಮನಸ್ಸಿನಿಂದ ಮನುಷ್ಯ ಎಷ್ಟು ಅನ್ಯಾಯ ಮಾಡಬಲ್ಲ ಎಂಬುದು ಆಗ ಗೊತ್ತಿರಲಿಲ್ಲ.

ತಿಪ್ಪವ್ವ ಸೀದಾ ಆಫೀಸಿನ ತಗಡಿನ ಖೋಲಿಗೆ ಬಂದಳು.

“ಮನೋಹರಪ್ಪ, ನನ್ನ ಕೂಡಸ್ತೀ ಅಂತ?”

“ಆರಾಮ ಇರ್ರಿ ಅಂತ ಹೇಳಿದೆ ಆಯಿ.”

“ಕೂಡಿಸಿದ ದಿನಾನೇ ನನ್ನ ತಲಿ ಮಲಗ್ತದ. ದುಡಿಯೋ ಎತ್ತಿಗಿ ನೊಗ ಇಳಿಸಿದ್ರ ಅದು ಕೊಟ್ಟಿಗ್ಯಾಗೇ ಸಾಯ್ತದ. ಮರ್ತೆ ಖರೆ. ಒಂದು ಸಲ ಮರ್ತೆ. ಸಂಕ್ರಾಂತಿತನಕ ಟೈಮ್ ಕೊಡು. ಆಮ್ಯಾಲ ನೋಡು.”

ಕೊಟ್ಟೆ. ಕೊಟ್ಟೆನೆಂದು ಹೇಳುವುದೂ ದೊಡ್ಡಸ್ತಿಕೆಯೇ. ಅವಳು ತೆಗೆದುಕೊಂಡು ಹೋದಳು.

ಆ ಮೇಲಿನ ಎರಡು ತಿಂಗಳು ಅವಳು ತನ್ನ ತಲೆಯನ್ನು ಕುಡಗೋಲು ಮಸೆದ ಹಾಗೆ ಮಸೆದಳು. ಪುಣೆಯ ಬಸ್ಸುಗಳ ನಂಬರು ಮರಾಠಿ ಅಂಕಿಯಲ್ಲಿರುತ್ತದೆ. ಯಾವ ಅಂಕಿಯೂ ಬಾರದ ತಿಪ್ಪವ್ವ ಮರಾಠಿ ಶಾಲೆಯಲ್ಲಿ ಮೂರನೇ ಇಯತ್ತೆ ಓದಿದ್ದ ಸೊಸೆಯನ್ನು ಗುರು ಮಾಡಿಕೊಂಡಳು. ಒದ್ದೆ ಬೆರಳಿನಿಂದ ಒಣ ಸಿಮೆಂಟಿನ ಮೇಲೆ ಬರೆಯುವುದು, ಅದು ಆರುವ ಮೊದಲು ಓದಿ ಹೇಳುವುದು. ಸಂತೆಗೆ ಪ್ರತಿ ವಾರ ಬೇರೆ ಓಣಿಯಿಂದ ಹೋಗಿ ಬೇರೆ ಓಣಿಯಿಂದ ಬಂದಳು, ಯಾರನ್ನೂ ಕೇಳದೆ. ಮಧ್ಯಾಹ್ನ ರೊಟ್ಟಿಗೆ ಅಗಸಿ ಹಿಂಡಿ ಹಚ್ಚಿಕೊಂಡು ತಿಂದು, ಅರ್ಧ ತಾಸು ಕಣ್ಣು ಮುಚ್ಚಿ, ಎದ್ದವಳೇ ಇಟ್ಟಂಗಿ ಚೂರಿನಿಂದ ಚೌಕಾಬಾರದ ಮನೆ ಗೀಚಿ ಕಾಶವ್ವನನ್ನು ಎಳೆದು ಕೂರಿಸುತ್ತಿದ್ದಳು. ಸೋತರೆ ಬಯ್ಯುತ್ತಿದ್ದಳು, ಗೆದ್ದರೆ ಇನ್ನೂ ಹೆಚ್ಚು ಬಯ್ಯುತ್ತಿದ್ದಳು.

ಎಲ್ಲಕ್ಕಿಂತ ಮುಖ್ಯವಾದದ್ದು ಮುಂಜಾನೆಯ ಪಾಠ. ಪೈಪು ಹಿಡಿದು ಮೆಟ್ಟಿಲು ಹತ್ತುತ್ತ ಪ್ರತಿ ಸ್ಲ್ಯಾಬು ಯಾವತ್ತು ಹುಟ್ಟಿತು, ಎಷ್ಟು ದಿನದ ನೀರು ಕುಡಿಯಿತು ಎಂದು ಗಟ್ಟಿಯಾಗಿ ಹೇಳಿಕೊಳ್ಳುವುದು. ತಾರೀಖು ಅವಳಿಗೆ ತಿಳಿಯದು. ತಿಥಿಯ ಮೇಲೆ ಲೆಕ್ಕ. “ಎ ಬಿಲ್ಡಿಂಗ ಮೊದಲನೇದು, ನಾಗರ ಪಂಚಮಿ ಮರುದಿನ. ಎರಡನೇದು, ಗಣಪ್ಪ ಹೋದ ಮ್ಯಾಲ ಪಾಡ್ಯಕ್ಕ.” ಕೆಳಗಿದ್ದ ನಾವು ನಗುತ್ತಿದ್ದೆವು. ಮುದುಕಿ ಸ್ಲ್ಯಾಬಿನ ಜೊತೆ ಮಾತಾಡಲಿಕ್ಕೆ ಶುರು ಮಾಡಿದಳು, ಇನ್ನು ಹೆಚ್ಚು ದಿನ ಇಲ್ಲ ಎಂದು ನಾನೇ ಅಂದಿದ್ದೆ.

ಈಗ ಸಿ ಬಿಲ್ಡಿಂಗಿನ ಮೂರನೇ ಸ್ಲ್ಯಾಬಿನ ವಿಷಯ. ಅದನ್ನು ಎಳ್ಳ ಅಮಾವಾಸ್ಯೆಯ ಮುಂಚೆ ಹಾಕಬೇಕೆಂದು ಗುತ್ತಿಗೆದಾರ ಮೋಹನದಾಸ್ ಸೇಠರ ಹಟ. ಆದರೆ ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆಯ ಆಳು ನಿಲ್ಲುವುದುಂಟೇ? ಹೊಲಕ್ಕೆ ಚರಗ, ಅಂದರೆ ಭೂತಾಯಿಯ ಎಡೆ, ಚೆಲ್ಲಲು ಎಲ್ಲರಿಗೂ ಊರು ಬೇಕು. ಮೂರು ಪಾಲು ಜನ ಗಂಟು ಕಟ್ಟಿದ್ದರು. ಮುಹೂರ್ತ ಮಾತ್ರ ತಪ್ಪಬಾರದೆಂದು ಸೇಠರು ತ್ರಯೋದಶಿಯ ದಿನ ಕಾಯಿ ಒಡೆಸಿ ಮೂಲೆಯ ತೊಲೆಗೆ ಒಂದೇ ಒಂದು ಬುಟ್ಟಿ ಕಾಂಕ್ರೀಟು ಹಾಕಿಸಿದರು. ಧನುರ್ಮಾಸದಲ್ಲಿ ಮುಹೂರ್ತ ಎಲ್ಲಿಯದು ಎಂದು ಕೇಳಬೇಡಿ. ಸೇಠರಿಗೆ ಬೇಕಾದ ದಿನ ಹುಡುಕಿಕೊಡುವ ಜೋಯಿಸರು ಎಲ್ಲ ಊರಲ್ಲೂ ಇರುತ್ತಾರೆ. ನಾನು ರಿಜಿಸ್ಟರಿನಲ್ಲಿ ಆ ದಿನದ ತಾರೀಖು ಹಾಕಿ ‘ಸಿ-೩, ಮುಹೂರ್ತ’ ಎಂದು ಬರೆದು ಮರುದಿನ ಊರಿಗೆ ಹೋದೆ. ವಾರದ ಮೇಲೆ ಬಂದಾಗ ಸ್ಲ್ಯಾಬು ಬಿದ್ದಾಗಿತ್ತು, ಅಂದರೆ ಹಾಕಿ ಮುಗಿದಿತ್ತು, ಮೇಲೆ ನೀರು ನಿಂತಿತ್ತು. ರಿಜಿಸ್ಟರು ತೆರೆದು, ಅದರಲ್ಲಿದ್ದ ತಾರೀಖನ್ನು ಕಂಬದ ಮೇಲೆ ಕೆಂಪು ಬಣ್ಣದಲ್ಲಿ ಬರೆದೆ. ಅಷ್ಟೇ ನಾನು ಮಾಡಿದ್ದು.

ಆ ಕೆಂಪು ತಾರೀಖಿನಿಂದ ಹದಿನಾಲ್ಕನೆಯ ದಿನ ಮುಂಜಾನೆ ಸೇಠರು ಲಾರಿ ತಂದು ನಿಲ್ಲಿಸಿದರು. ಬಲ್ಲಿ, ತಗಡು ಎಲ್ಲ ಬಿಚ್ಚಿ ಚಿಂಚವಾಡದ ಕೆಲಸಕ್ಕೆ ಒಯ್ಯಬೇಕು. ಬಿಚ್ಚಿದ ಕೂಡಲೇ ಅದರ ಕೆಳಗೆ ಪ್ಲಾಸ್ಟರು ಶುರು; ಶಿವಕಾಂತಾ ಮತ್ತು ಏಳು ಹೆಂಗಸರು ಬುಟ್ಟಿ ಹಿಡಿದು ಕಾಯುತ್ತಿದ್ದರು. ಬಡಿಗೇರ ಗೂಳಪ್ಪ ಸುತ್ತಿಗೆ ಎತ್ತಿದ. ಆಗ ತಿಪ್ಪವ್ವ ಪೈಪು ಬಿಸಾಕಿ ಓಡಿಬಂದು, ನಡುವಿನ ಬಲ್ಲಿಗೆ ಬೆನ್ನು ಕೊಟ್ಟು ಕೂತುಬಿಟ್ಟಳು.

“ಇದಕ್ಕ ಒಂಬತ್ತು ನೀರಾಗ್ಯಾವ. ಇನ್ನ ಐದು ಬೇಕು. ಯಾರೂ ಕೈ ಹಚ್ಚಬ್ಯಾಡ್ರಿ.”

ನಾನು ಕಂಬ ತೋರಿಸಿದೆ. “ಆಯಿ, ಹದಿನಾಲ್ಕು ದಿನ ಆಗ್ಯಾವ. ಇಲ್ಲಿ ಬರದದ ನೋಡ್ರಿ.”

“ನೀ ಬರದಿ. ನಾ ನೀರು ಹೊಡದೀನಿ.”

ಸೇಠರಿಗೆ ಸಿಟ್ಟು ಬಂತು. “ಮ್ಹಾತಾರಿ ವೇಡಿ ಝಾಲಿ, ಎಬ್ಬಿಸ್ರೋ ಅವಳನ್ನ” ಎಂದು ಕೂಗಿದರು. ಪುಣೆಯಲ್ಲಿ ಇಪ್ಪತ್ತು ವರ್ಷ ಇದ್ದವಳಿಗೆ ಅಷ್ಟು ಮರಾಠಿ ತಿಳಿಯದೇ?

“ಹುಚ್ಚಿ ಅಂದ್ಯಾ ಸೇಠ? ಕೇಳು, ಏನು ಕೇಳ್ತಿ ಕೇಳು.”

“ಇವತ್ತು ತಾರೀಖು ಎಷ್ಟು, ಹೇಳು ನೋಡೋಣ.”

ತಾರೀಖು ತಿಪ್ಪವ್ವನ ಲೆಕ್ಕದಲ್ಲೇ ಇಲ್ಲ. ಲಾರಿಯವನು ನಕ್ಕ. ಮುದುಕಿ ಅವನತ್ತ ನೋಡದೆ ಶುರು ಮಾಡಿದಳು: “ಇವತ್ತು ದ್ವಾದಶಿ. ನಿನ್ನಿ ಏಕಾದಶಿ, ಕಾಶವ್ವ ಉಪಾಸ ಇದ್ಲು. ಈ ಸ್ಲ್ಯಾಬು ತದಿಗಿಗಿ ಬಿದ್ದದ. ಊರಿಗೆ ಹೋದವ್ರು ಬಂದ ಮರುದಿನ. ಎ ಬಿಲ್ಡಿಂಗ ಮೊದಲನೇದು ಪಂಚಮಿ ಮರುದಿನ, ಎರಡನೇದು ಗಣಪ್ಪ ಹೋದ ಮ್ಯಾಲ ಪಾಡ್ಯಕ್ಕ, ಮೂರನೇದು ಮಹಾನವಮಿ ಮುಂದ ಪಂಚಮಿಗಿ. ಬಿ ಬಿಲ್ಡಿಂಗ ಮೊದಲನೇದು ಶೀಗಿ ಹುಣ್ಣಿವಿ ಆಗಿ ಮೂರು ದಿನಕ್ಕ. ಎರಡನೇದು...”

ನಿಂತಳು. ತುಟಿ ಅಲುಗಿದವು. ಸೊಸೆಯ ಮುಖ ಬಾಡಿತು. ಖಡಕಿಯ ಗೋಡೆಗೆ ಒರಗಿದಾಗ ಮುದುಕಿ ಹೀಗೇ ಇದ್ದಿರಬೇಕು ಎನಿಸಿತು.

“ಅದು ಮರ್ತದ” ಎಂದಳು ಕೊನೆಗೆ.

ಸೇಠರು ಕೈ ತಟ್ಟಿದರು. “ಆಯ್ತಲ್ಲ? ಎಬ್ಬಿಸಿ.”

“ಮರ್ತದ್ದು ಮರ್ತೀನಿ ಅಂತ ಹೇಳ್ಲಾಕ ನನಗ ನಾಚಿಕಿ ಇಲ್ಲ” ತಿಪ್ಪವ್ವನ ದನಿ ಏರಿತು. “ಯಾವುದು ನೆನಪದ, ಯಾವುದು ಇಲ್ಲ, ಅದು ನನಗ ಗೊತ್ತದ. ಇದು ನೆನಪದ. ಈ ಹುಡುಗಗ ಮರ್ತದ್ದೂ ಗೊತ್ತಿಲ್ಲ, ತಪ್ಪು ಬರದದ್ದೂ ಗೊತ್ತಿಲ್ಲ. ಅಂವ ಶ್ಯಾಣ್ಯಾ, ನಾ ಹುಚ್ಚಿ!”

ಆಮೇಲೆ ನನ್ನತ್ತ ತಿರುಗಿದಳು. “ಮನೋಹರಪ್ಪ, ನೀ ಊರಿಗೆ ಹೋಗೋ ದಿನ ಮುಂಜಾನಿ ಮ್ಯಾಲ ಹತ್ತಿದ್ದಿ. ಇಲ್ಲೇ ಸಳಿಗಿ ಸಿಕ್ಕು ನಿನ್ನ ಪ್ಯಾಂಟು ಮೊಳಕಾಲಿಗೆ ಹರೀತು. ನನ್ನ ಕಡಿ ಸೂಜಿ ದಾರ ಇಸಕೊಂಡಿ. ಸ್ಲ್ಯಾಬು ಹಿಂದಿನ ದಿನಾನೇ ಬಿದ್ದಿದ್ರ, ಬರೇ ಸಳಿ ಎಲ್ಲಿಂದ ಬಂತಪ್ಪ?”

ನನಗೆ ಎಲ್ಲ ನೆನಪಾಯಿತು. ಕಬ್ಬಿಣದ ಸಳಿಗಳ ಜಾಲ, ಮೂಲೆಯಲ್ಲಿ ಕುಂಕುಮ ಹಚ್ಚಿದ ಒಂದು ಬುಟ್ಟಿಯಷ್ಟು ಕಾಂಕ್ರೀಟು, ಬಸ್ಸಿಗೆ ಹೊತ್ತಾಯಿತೆಂದು ಅವಸರದಲ್ಲಿ ಹಾಕಿದ ವಕ್ರ ಹೊಲಿಗೆ. ಎರಡು ವಾರದ ಹಿಂದೆ ಕಣ್ಣಾರೆ ಕಂಡದ್ದನ್ನು ನಾನು ಒಂದು ಸಾಲಿನ ಬರಹಕ್ಕೆ ಮಾರಿಕೊಂಡಿದ್ದೆ. ನನ್ನ ಕೆಂಪು ಅಂಕಿಯನ್ನು ನಂಬಿ ಎಂಟು ಹೆಂಗಸರು ಒಂಬತ್ತು ದಿನದ ಹಸಿ ಸ್ಲ್ಯಾಬಿನ ಕೆಳಗೆ ನಿಲ್ಲುವವರಿದ್ದರು.

ನಿಜ ಹೇಳುತ್ತೇನೆ, ಸುಳ್ಳು ಹೇಳಲು ಆಗಲೂ ಅವಕಾಶವಿತ್ತು. ಪ್ಯಾಂಟು ಬೇರೆ ಕಡೆ ಹರಿಯಿತು ಎಂದರೆ ಮುಗಿಯಿತು. ಮುದುಕಿಯ ಮಾತು ಯಾರು ಕೇಳುತ್ತಾರೆ? ಸೇಠರು ನನ್ನನ್ನೇ ನೋಡುತ್ತಿದ್ದರು. ಗೂಳಪ್ಪ ಸುತ್ತಿಗೆಯನ್ನು ಇನ್ನೂ ಇಳಿಸಿರಲಿಲ್ಲ.

“ಸೇಠ್, ತಾರೀಖು ತಪ್ಪದ” ಎಂದೆ. “ಅದು ಮುಹೂರ್ತದ್ದು. ನಾನೇ ತಪ್ಪು ಬರೆದೀನಿ. ಆಯಿ ಹೇಳೋದು ಖರೆ.”

“ಮುಹೂರ್ತಕ್ಕೂ ಸ್ಲ್ಯಾಬಿಗೂ ಐದು ದಿನದ ಫರಕು ಏನು ಮಹಾ?”

“ಹಂಗಾದ್ರ ನೀವು ಬಂದು ಕೆಳಗ ನಿಂದರ್ರಿ. ಆಮ್ಯಾಲ ಗೂಳಪ್ಪ ಬಿಚ್ಚತಾನ.”

ನನ್ನ ಬಾಯಿಂದ ಇದು ಬಂದದ್ದು ಹೇಗೆ ಎಂದು ಇಂದಿಗೂ ತಿಳಿಯದು. ಸೇಠರು ಸ್ಲ್ಯಾಬಿನ ಕೆಳಗೆ ನಿಲ್ಲಲಿಲ್ಲ. ಲಾರಿ ಖಾಲಿ ಹೋಯಿತು. ಹೋಗುವ ಮುಂಚೆ, ಐದು ದಿನ ಮುಗಿದ ಮೇಲೆ ಮುದುಕಿ ಈ ಸೈಟಿನಲ್ಲಿ ಕಾಣಬಾರದು ಎಂದು ಹುಕುಂ ಮಾಡಿದರು. ನನಗೆ ಏನೂ ಹೇಳಲಿಲ್ಲ. ಡಿಪ್ಲೊಮಾದವನ ತಪ್ಪು ತಪ್ಪಲ್ಲ, ಓದದವಳ ಸರಿ ಮಾತ್ರ ಅಪರಾಧ.

ಐದು ದಿನ ತಿಪ್ಪವ್ವ ನೀರು ಹೊಡೆದಳು. ಹದಿನಾಲ್ಕು ನೀರಾದ ಮೇಲೆ ಬಲ್ಲಿ ಬಿಚ್ಚಿದರು. ಸ್ಲ್ಯಾಬು ಕಲ್ಲಿನಂತೆ ನಿಂತಿತು. “ನೋಡಿದ್ರಾ, ಅವತ್ತೇ ಬಿಚ್ಚಿದ್ರೂ ಹೀಗೇ ನಿಲ್ತಿತ್ತು” ಎಂದರು ಸೇಠರು. ಕುಸಿಯದ ಸ್ಲ್ಯಾಬಿಗೆ ಸಾಕ್ಷಿ ಎಲ್ಲಿಂದ ತರುವುದು? ಆ ಸಿಟ್ಟು ನನಗೆ ಈಗಲೂ ಇದೆ.

ಸೇಠರು ಜೈಭೀಮನನ್ನು ಕರೆದು, ತಾಯಿಯನ್ನು ಇವತ್ತೇ ಕೆಲಸದಿಂದ ಬಿಡಿಸು ಎಂದರು. ಜೈಭೀಮ ನೆಲ ನೋಡಿದ. ನಾನು ಮುಂದೆ ಬಂದೆ. “ಆಯಿ ಹೋದ್ರ ನಾನೂ ಹೋಗ್ತೀನಿ” ಎಂದೆ. ಹೇಳುವಾಗ ನನಗೆ ನಾನೇ ಭಾರಿ ಧೀರನಂತೆ ಕಂಡೆ.

ತಿಪ್ಪವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಹೋಗೋದು ಯಾಕ? ಹೋಗ್ಲಿಕ್ಕೆ ನಾ ಏನು ತಪ್ಪು ಮಾಡೀನಿ? ನೀ ಹೋಗಂಗಿದ್ರ ಹೋಗು. ನಾ ಹೋಗಲ್ಲ.” ಸೇಠರತ್ತ ಮುಖ ತಿರುಗಿಸಿದಳು. “ನಿನ್ನಿ ಡಿ ಬಿಲ್ಡಿಂಗ ಮೊದಲನೇದು ಬಿದ್ದದ. ಬಿಸಲು ಏರ್ಲಾಕತ್ತದ. ಅದಕ್ಕಿನ್ನ ಒಂದೂ ನೀರಾಗಿಲ್ಲ, ನಿಮಗ ಮಾತು ಬೇಕಾಗ್ಯಾವ.”

ನೆಲದಲ್ಲಿ ಬಿದ್ದಿದ್ದ ಪೈಪನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಸೇಠರು ದಾರಿಯಲ್ಲೇ ನಿಂತಿದ್ದರು. ಅವಳು ನಿಲ್ಲದೆ ನಡೆದಳು. ಸೇಠರು ಬದಿಗೆ ಸರಿದರು.