ಬಂಡೆಯ ಬುಡದ ಮಣ್ಣು

ಗಚ್ಚಿಬೌಲಿಯ ಆ ಬಯಲಿನ ಸುತ್ತ ನೀಲಿ ತಗಡಿನ ಬೇಲಿ ಎದ್ದ ದಿನ ಯಂಕಮ್ಮನಿಗೆ ಅನ್ನ ಸೇರಲಿಲ್ಲ. ಬಯಲಿನ ನಡುವೆ ಒಂದು ದೊಡ್ಡ ಬಂಡೆ. ಅದರ ಬುಡದಲ್ಲಿ ಅವಳ ಮಗಳು ಸುವರ್ಣಾ. ಯಾದಗಿರಿ ಕಡೆಯಿಂದ ಕೂಲಿಗೆ ಬಂದ ವರ್ಷವೇ ಕೂಸು ಜ್ವರಕ್ಕೆ ಹೋಗಿತ್ತು. ಸುಡುಗಾಡಿನವರು ಹೊರಗಿನವರಿಗೆ ಜಾಗವಿಲ್ಲವೆಂದು ಅಟ್ಟಿದಾಗ ಗಂಡ ಸಂಗಣ್ಣ ಇಲ್ಲೇ ಕುಣಿ ತೋಡಿದ್ದ. ಆಗ ಈ ಬಯಲು ಯಾರದೂ ಅಲ್ಲ ಎನ್ನುತ್ತಿದ್ದರು.

ಈಗ ಯಾರದೋ ಆಗಿತ್ತು. ಫ್ಲ್ಯಾಟು ಕಟ್ಟುವ ಕಂಪನಿಯ ಮ್ಯಾನೇಜರ್ ಸೂರ್ಯನಾರಾಯಣ ಗೇಟಿನಲ್ಲಿ ಅವಳನ್ನು ತಡೆದ. ಅವನದು ತೆಲುಗು, ಅವಳದು ದುಡಿಯುತ್ತ ಕಲಿತ ಹರಕು ತೆಲುಗು.

“ಇದು ಖಾಸಗಿ ಜಾಗ ಅಮ್ಮಾ. ಬಹಿರಂಗ ಹರಾಜಿನಲ್ಲಿ ಕೊಂಡದ್ದು. ಯಾರು ಬೇಕಾದರೂ ಕೂಗಬಹುದಿತ್ತು.”

“ನಾವೂ ಕೂಗಬಹುದಿತ್ತೇನ್ರಿ?”

“ನೀವೂ. ತಡೆದವರು ಯಾರು?”

ಅವನು ಕುಹಕವಾಡಲಿಲ್ಲ. ಅದನ್ನು ನಿಜವೆಂದೇ ನಂಬಿದ್ದ.

ಕೂಲಿಯವರಿಗೆ ಮಾತ್ರ ಒಳಗೆ ದಾರಿ. ಯಂಕಮ್ಮ ಅಲ್ಲೇ ಮಣ್ಣು ಹೊರುವ ಕೆಲಸ ಹಿಡಿದಳು.

“ಹುಚ್ಚಿ, ಅಗಿಯೋದನ್ನ ಕಣ್ಣಾರೆ ನೋಡ್ತೀಯೇನ?” ಎಂದ ಸಂಗಣ್ಣ.

“ಅಲ್ಲೀತನಕ ಅಕಿ ಸನೇಕ ಇರತೀನಿ ಬಿಡು.”

ಊಟದ ಹೊತ್ತಿನಲ್ಲಿ ಬಂಡೆಗೆ ಬೆನ್ನು ಕೊಟ್ಟು ಕೂತು ರೊಟ್ಟಿ ತಿನ್ನುತ್ತಿದ್ದಳು. ಜೊತೆಯ ಹೆಂಗಸರಿಗೆ ಸಂಗತಿ ತಿಳಿಯಿತು. ಅವರು ಆ ಜಾಗ ತುಳಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಜೆಸಿಬಿ ಬಂಡೆಯತ್ತ ತಿರುಗಿತು. ಯಂಕಮ್ಮ ಬುಟ್ಟಿ ಎಸೆದು ಮ್ಯಾನೇಜರನ ಬಳಿಗೆ ಓಡಿದಳು.

“ಸಾಹೇಬ್ರ, ಒಂದೀಟು ತಡೀರಿ. ಕೂಸಿನ ಎಲುಬಾದ್ರೂ ತಕ್ಕೋತೀನಿ. ಬ್ಯಾರೆ ಏನೂ ಬ್ಯಾಡ.”

ಸೂರ್ಯನಾರಾಯಣ ದನಿ ತಗ್ಗಿಸಿದ. “ಇಲ್ಲಿ ಹೆಣ ಇತ್ತೆಂದರೆ ಫ್ಲ್ಯಾಟು ಯಾರು ಕೊಳ್ಳುತ್ತಾರೆ? ಈ ಮಾತು ಎತ್ತಬೇಡ. ಕೆಲಸ ಬೇಡವಾದರೆ ಹೋಗು. ನೀನು ಸ್ವತಂತ್ರಳು, ಯಾರೂ ಕಟ್ಟಿಹಾಕಿಲ್ಲ.”

ಅಷ್ಟರಲ್ಲಿ ಟಿಪ್ಪರೊಂದು ಬಂಡೆಯ ಬದಿಯ ಮಣ್ಣು ತುಂಬಿಕೊಂಡು ಹೊರಟಿತ್ತು. ಎಲ್ಲಿಗೆಂದು ಡ್ರೈವರನನ್ನು ಕೇಳಿದಳು. ಯಾವುದೋ ಬಂಗಲೆಯ ತೋಟಕ್ಕೆ ಮಾರಿದ ಮಣ್ಣು ಎಂದ. ಕೂಸು ಆ ಮಣ್ಣಿನಲ್ಲಿ ಹೋಯಿತೋ, ಇನ್ನೂ ಬಂಡೆಯ ಬುಡದಲ್ಲೇ ಇದೆಯೋ, ಅವಳಿಗೆ ತಿಳಿಯಲಿಲ್ಲ.

ಹೆಂಗಸರು ಬುಟ್ಟಿ ಕೆಳಗಿಟ್ಟರು. ಅವರಲ್ಲಿ ಹಿರಿಯಳಾದ ಗೋದಾಬಾಯಿ ಗೇಟಿಗೆ ಅಡ್ಡ ಕೂತಳು. ಉಳಿದವರೂ ಕೂತರು.

“ಕೂಸು ಸಿಗೋತನಕ ಏಳಂಗಿಲ್ಲ!” ಎಂದಳು ಗೋದಾಬಾಯಿ.

ಜೆಸಿಬಿ ನಿಂತಿತು. ಸೂರ್ಯನಾರಾಯಣ ಸಿಟ್ಟಾಗಲಿಲ್ಲ. ಕೂಕಟ್‌ಪಲ್ಲಿಯಲ್ಲಿ ಕೂಲಿಗೆ ಕಾದು ನಿಲ್ಲುವ ಮಂದಿಯನ್ನು ಕಳಿಸೆಂದು ಮೇಸ್ತ್ರಿಯೊಬ್ಬನಿಗೆ ಫೋನ್ ಮಾಡಿದ. ಬಿಸಿಲೇರುವುದರೊಳಗೆ ಒಂದು ಗಾಡಿ ಜನ ಬಂದಿಳಿದರು. ಇವರಿಗಿಂತ ಕಡಿಮೆ ಕೂಲಿಗೆ ಒಪ್ಪಿದವರು. ಹೆಂಗಸರ ಸೊಂಟದ ಮೇಲೆ ಕೂಸುಗಳು. ಗೇಟಿನಲ್ಲಿ ಕೂತವರನ್ನು ಕಂಡು ಹೊರಗೇ ನಿಂತರು.

“ಏನಾಗೇತ್ರಿ ಅಕ್ಕಾ?” ಎಂದಳು ಒಬ್ಬಳು.

ಗೋದಾಬಾಯಿ ಬೈಯಲು ಬಾಯಿ ತೆರೆದಳು. ಯಂಕಮ್ಮ ಅವಳ ತೋಳು ಹಿಡಿದಳು. ತಾನೇ ಸರಿದು ಹಾದಿ ಬಿಟ್ಟಳು.

“ಹೋಗ್ರಿ ಯವ್ವಾ, ಹೊಟ್ಟಿ ಯಾರನ್ನ ಬಿಟ್ಟೈತಿ? ಆ ದೊಡ್ಡ ಕಲ್ಲಿನ ಬುಡಕ ನನ್ನ ಮಗಳು ಮಲಗ್ಯಾಳ. ಅಲ್ಲಿ ಮೆಲ್ಲಕ ಅಗೀರಿ.”