ಪತ್ರಿಗೆ ಕೊಟ್ಟ ಎತ್ವ

ಸಿರುಗುಪ್ಪದ ತಾಲ್ಲೂಕು ಕಚೇರಿಯ ಎದುರು ಬೇವಿನ ಮರದ ಕೆಳಗೆ ಕೂತು ಅರ್ಜಿ ಬರೆದುಕೊಡುತ್ತಿದ್ದ ವಿರೂಪಾಕ್ಷಪ್ಪ ಮೇಷ್ಟ್ರಿಗೆ ಒಂದು ಚಟವಿತ್ತು. ಬೀಡಿಯದಲ್ಲ, ಇಸ್ಪೀಟಿನದಲ್ಲ, ತಿದ್ದುವ ಚಟ. ಮೂವತ್ತೊಂದು ವರ್ಷ ಶಾಲೆಯಲ್ಲಿ ‘ಮನಿ’ ಅಂದ ಮಕ್ಕಳ ಬಾಯಲ್ಲಿ ‘ಮನೆ’ ಅನ್ನಿಸಿ, ‘ಸಾಲಿ’ ಅಂದವರ ಕಿವಿ ಹಿಂಡಿ ‘ಶಾಲೆ’ ಬರೆಸಿದವರು. ರಿಟೈರಾದ ಮೇಲೂ ಅದು ಬಿಡಲಿಲ್ಲ. ಹೋಟೆಲಿನ ಬೋರ್ಡಿನಲ್ಲಿ ಒಂದು ಒತ್ತು ತಪ್ಪಿದ್ದರೆ ಅವರಿಗೆ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹೆಂಡತಿ ಹೊನ್ನೂರಮ್ಮ, “ನಾ ಸತ್ತಾಗ ಅಳಾಕ ಬಂದೋರ ಮಾತೂ ತಿದ್ದಾಕ ಕುಂದ್ರತೀರಿ ನೀವು,” ಎಂದು ಆಡಿಕೊಳ್ಳುತ್ತಿದ್ದಳು.

ಎಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಎರ್ರೆಪ್ಪ ಬಂದು ಅವರ ಮುಂದೆ ಕುಕ್ಕರಗಾಲಲ್ಲಿ ಕೂತ. ದೇಶನೂರಿನ ಭತ್ತದ ಗದ್ದೆಗಳಾಚೆ, ಕಾಲುವೆ ದಂಡೆಯ ಮೇಲೆ, ಯಾವ ಕಾಲದವನೋ ಒಬ್ಬ ಅವಧೂತಜ್ಜನ ಗದ್ದುಗೆಯಿದೆ. ಅದರ ಕಸ ಗುಡಿಸಿ ದೀಪ ಹಚ್ಚುವವನು ಈ ಎರ್ರೆಪ್ಪ. ಅರವತ್ತು ದಾಟಿದ ಮನುಷ್ಯ, ಅಕ್ಷರ ಬಾರದು. ಆ ಗದ್ದುಗೆಗೆ ಪ್ರತಿ ಸೋಮವಾರ ಒಂದು ಚಿಟಿಕೆ ಗಾಂಜಾ ಏರುತ್ತದೆ. ಏರಿಸಿದ್ದನ್ನು ಭಜನೆಗೆ ಕೂಡುವ ನಾಲ್ಕಾರು ಮುದುಕರು ಚಿಲುಮೆಯಲ್ಲಿಟ್ಟು ಸೇದುತ್ತಾರೆ. ಆದರೆ ಅಲ್ಲಿ ಯಾರ ಬಾಯಲ್ಲೂ ಗಾಂಜಾ ಎಂಬ ಮಾತು ಬರುವುದಿಲ್ಲ. ಶಿವನಿಗೆ ಏರಿಸುವುದು ಬಿಲ್ಪತ್ರಿ, ಅಜ್ಜನಿಗೆ ಏರಿಸುವುದು ಬರೇ ಪತ್ರಿ. ಆ ಸುತ್ತಿನ ಊರುಗಳಲ್ಲಿ ಈ ವ್ಯತ್ಯಾಸ ಎಲ್ಲರಿಗೂ ಗೊತ್ತು.

“ಡೆಲ್ಲಿಯಿಂದ ಹೊಸಾ ಕಾಯ್ದೆ ಬಂದೈತಂತ್ರೀ ಮೇಷ್ಟ್ರ,” ಎಂದ ಎರ್ರೆಪ್ಪ. “ಪೊಲೀಸ್ನೋರು ಗದ್ದುಗಿಗೆ ಬಂದಿದ್ರು. ಈ ಸಲ ಬಿಟ್ಟೀವಿ, ಇನ್ನೊಮ್ಮೆ ಕಂಡ್ರ ವರ್ಷಗಟ್ಲೆ ಒಳಗ ಅಂದ್ರು. ನಾನೇನು ಮಾರಾವಲ್ಲ. ಎಮ್ಮೆಲ್ಲೆ ಸಾಹೇಬ್ರಿಗೆ ಒಂದು ಅರ್ಜಿ ಬರೀರಿ. ಅಜ್ಜನ ಪತ್ರಿ ಗುನ್ನೆ ಅಲ್ಲ ಅಂತ ಅವರು ಡೆಲ್ಲಿಗೆ ಮುಟ್ಟಿಸ್ಲಿ.”

“ಡೆಲ್ಲಿಯವರು ಒಪ್ಪದಿದ್ದರೆ?”

“ಬ್ಯಾಡಂದ್ರ ಬಿಟ್ಟುಬಿಡ್ತೀನ್ರಿ. ಆದ್ರ ಒಂದು ಮಾತು ಕೇಳದಂಗ ಬಿಡಾಕ ಮನಸು ಒಪ್ಪವಲ್ದು. ಪತ್ರಿ ಅಂದ್ರ ಅವರಿಗೆ ತಿಳೀದಿದ್ರ ಗಾಂಜಾ ಅಂತನೂ ಬರೀರಿ. ಮುಚ್ಚುಮರಿ ಯಾಕ?”

ಮೇಷ್ಟ್ರು ಕರಡು ಬರೆದರು. ಪತ್ರಿ ಎಂದೂ ಬರೆದರು, ಗಾಂಜಾ ಎಂದೂ ಬರೆದರು. ಓದಿ ಹೇಳಿದಾಗ ಎರ್ರೆಪ್ಪ ಎರಡೂ ಕೈ ಎತ್ತಿ ಮುಗಿದ.

ಶುದ್ಧಪ್ರತಿ ಮಾಡಲು ಮನೆಯಲ್ಲಿ ಕೂತಾಗ ಮಾತ್ರ ಪೆನ್ನು ತಡೆಯಿತು. ಅರ್ಜಿಯ ಕೊನೆಗೆ ‘ಬಿಕ್ಕಲಂ’ ಎಂದು ಬರೆದವನ ಹೆಸರು ಹಾಕುವುದು ಪದ್ಧತಿ. ಗಾಂಜಾ ಬೇಕೆಂದು ಸರ್ಕಾರಕ್ಕೆ ಹೋಗುವ ಕಾಗದದ ಅಡಿಗೆ ವಿರೂಪಾಕ್ಷಪ್ಪ ಮೇಷ್ಟ್ರ ಹೆಸರು! ಜನ ಏನಂದಾರು? ಮೇಷ್ಟ್ರು ಎದ್ದು ನೀರು ಕುಡಿದರು, ಅಂಗಳಕ್ಕೆ ಹೋಗಿ ಬಂದರು, ಮತ್ತೆ ಕೂತರು. ಗಾಂಜಾ ಎಂಬ ಮಾತನ್ನು ಬಿಟ್ಟರು. ಪತ್ರಿ ಉಳಿಯಿತು. ಅದೂ ಕಣ್ಣಿಗೆ ಚುಚ್ಚಿತು. ಗುಡಿಸು ತೆಗೆದು ಎತ್ವ ಕೊಟ್ಟು ‘ಪತ್ರೆ’ ಎಂದು ಬರೆದರು. ಬರವಣಿಗೆಯಲ್ಲಿ ಗ್ರಾಮ್ಯ ಇರಬಾರದು, ಅಷ್ಟೇ, ಎಂದು ತಮಗೆ ತಾವೇ ಹೇಳಿಕೊಂಡರು. ವ್ಯಾಕರಣವಂತೆ! ಹೆದರಿಕೆಗೆ ಮೇಷ್ಟ್ರು ಇಟ್ಟ ಹೆಸರು ಅದು, ಮತ್ತು ಅದು ಅವರಿಗೂ ಗೊತ್ತಿತ್ತು.

ಎಮ್ಮೆಲ್ಲೆ ಸಾಹೇಬರು ಶನಿವಾರ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ದೊಡ್ಡಬಸಪ್ಪನ ಸಗಟು ಕಿರಾಣಿ ಅಂಗಡಿಯಲ್ಲಿ ಕೂಡುತ್ತಿದ್ದರು. ಇಬ್ಬರೂ ಬಸ್ಸು ಹತ್ತಿ ಅಲ್ಲಿಗೆ ಹೋದರು. ದಾರಿಯುದ್ದಕ್ಕೂ ಮೇಷ್ಟ್ರು ಜೇಬಿನಲ್ಲಿದ್ದ ಅರ್ಜಿಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡರು. ಈಗಲೂ ಹೇಳಿಬಿಡಬಹುದು, ಬಾಯಲ್ಲಾದರೂ ಹೇಳಬಹುದು ಎಂದುಕೊಂಡೇ ಅಂಗಡಿಯ ಮೆಟ್ಟಿಲು ಹತ್ತಿದರು. ಹತ್ತಿದ್ದೇ ತಡ, ದೊಡ್ಡಬಸಪ್ಪ ಗಲ್ಲೆಯಿಂದ ಎದ್ದು ಬಂದು ಹತ್ತು ಜನ ವ್ಯಾಪಾರಸ್ಥರ ಎದುರು ಅವರ ಕಾಲು ಮುಟ್ಟಿದ.

“ನಮ್ಮ ಮೇಷ್ಟ್ರು ಸಾಹೇಬ್ರ! ಇವರ ಕೈಯಾಗ ಏಟು ತಿಂದಿದ್ದಕ್ಕ ಇವತ್ತು ನಾಕು ಅಕ್ಷರ ಬರಿಯಾಕ ಬರತೈತಿ ನಂಗ.”

ಸಾಹೇಬರು ನಕ್ಕು ಅರ್ಜಿ ಬಿಡಿಸಿದರು. ಓದುತ್ತ ಓದುತ್ತ ಹುಬ್ಬು ಗಂಟಾಯಿತು. “ಅಲ್ರೀ ಮೇಷ್ಟ್ರ, ಗದ್ದುಗಿಗೆ ಪತ್ರೆ ಏರಿಸಾಕ ಯಾರು ಅಡ್ಡಿ ಮಾಡ್ತಾರ?”

“ಸಾಹೇಬ್ರ, ಅದು…” ಎಂದು ಎರ್ರೆಪ್ಪ ಬಾಯಿ ತೆಗೆದ.

“ಪೊಲೀಸ್ನೋರು ಸಾಹೇಬ್ರ,” ಎಂದರು ಮೇಷ್ಟ್ರು ಅವಸರದಲ್ಲಿ. “ತಿಳುವಳಿಕಿ ಇಲ್ಲದೋರು. ನೀವೊಂದು ಕಾಗದ ಮ್ಯಾಲಕ್ಕ ಕಳಿಸಿದ್ರ ಸಾಕು.”

ಅವರ ಬಾಯಲ್ಲೂ ಆ ಹೊತ್ತಿಗೆ ‘ತಿಳುವಳಿಕಿ’ ಬಂದುಬಿಟ್ಟಿತ್ತು, ಅದನ್ನು ತಿದ್ದಿಕೊಳ್ಳುವಷ್ಟು ಪುರುಸೊತ್ತೂ ಇರಲಿಲ್ಲ. ದೇವರ ಕೆಲಸಕ್ಕೆ ಅಡ್ಡಿ ಎಂದರೆ ಸಾಹೇಬರಿಗೂ ಸಿಟ್ಟು ಬಂತು. ಅಲ್ಲೇ ತಮ್ಮ ಹೆಸರಿನ ಕಾಗದದಲ್ಲಿ ನಾಲ್ಕು ಸಾಲು ಗೀಚಿ ಅರ್ಜಿಗೆ ಲಗತ್ತಿಸಿದರು. ಹೊರಗೆ ಬಂದ ಮೇಲೆ ಎರ್ರೆಪ್ಪ, “ಎಷ್ಟು ಸಲೀಸು ಹೇಳಿದ್ರಿ ಮೇಷ್ಟ್ರ! ನಾನಾಗಿದ್ರ ತೊದಲ್ತಿದ್ದೆ,” ಎಂದ. ಮೇಷ್ಟ್ರಿಗೆ ಅವತ್ತು ಬಳ್ಳಾರಿಯ ಬಿಸಿಲು ಎಂದಿಗಿಂತ ಹೆಚ್ಚು ಸುಟ್ಟಿತು.

ಆಮೇಲೆ ಅವರಿಗೆ ಕೂತಲ್ಲಿ ಕೂಡಲಾಗಲಿಲ್ಲ. ದಿನಾ ಅಂಚೆ ಕಚೇರಿಗೆ ಹೋಗಿ ಸುಮ್ಮನೆ ನಿಂತು ಬರುವರು. ಬೇರೆಯವರ ಅರ್ಜಿಗಳಲ್ಲಿ ತಾರೀಖು ತಪ್ಪು ಬೀಳತೊಡಗಿತು. ಉಣ್ಣುತ್ತ ಉಣ್ಣುತ್ತ ಕೈ ನಿಲ್ಲಿಸಿ ಬಾಗಿಲ ಕಡೆ ನೋಡುವರು. “ಏನಾಗೈತ್ರಿ ನಿಮಗ? ರೊಟ್ಟಿ ಸರಿ ಆಗಿಲ್ಲೇನು?” ಎಂದು ಹೊನ್ನೂರಮ್ಮ ಕೇಳಿದರೆ ರೊಟ್ಟಿಯ ಮೇಲೇ ರೇಗುವರು. ಮೇಲಿನವರು ಆ ಅರ್ಜಿಯನ್ನು ಬುಟ್ಟಿಗೆ ಎಸೆದುಬಿಡಲಿ, ಎಲ್ಲ ಅಲ್ಲಿಗೇ ಮುಗಿಯಲಿ ಎಂದು ಒಳಗೊಳಗೇ ಬೇಡಿಕೊಂಡರು.

ಎಸೆಯಲಿಲ್ಲ. ಎರಡು ತಿಂಗಳಿಗೆ ಉತ್ತರ ಬಂತು, ಅದೂ ನೇರವಾಗಿ ದೇಶನೂರಿಗೆ, ಎರ್ರೆಪ್ಪನ ಹೆಸರಿಗೆ. ಸೋಮವಾರ ಬೆಳಿಗ್ಗೆ ಅವನು ಬೇವಿನ ಮರದ ಕೆಳಗೆ ಬಂದು ನಿಂತಾಗ ಹೆಗಲಲ್ಲಿ ಒಂದು ಚೀಲ, ಕೈಯಲ್ಲಿ ತೆಂಗಿನಕಾಯಿ, ಮುಖದ ತುಂಬ ನಗೆ.

“ಆತ್ರೀ ಮೇಷ್ಟ್ರ! ಡೆಲ್ಲಿ ಒಪ್ಪೇತಿ! ನಮ್ಮೂರಾಗ ಅಂಚಿ ತರಾವನ ಕೈಲಿ ಮೂರು ಸಲ ಓದಿಸಿದೆ.”

ಮೇಷ್ಟ್ರು ಕಾಗದ ಇಸಿದುಕೊಂಡರು. ಯಾವುದೋ ಮೇಲಿನ ಕಚೇರಿಯ ಮೊಹರು, ಕೆಳಗೆ ಒಂದೇ ಒಂದು ವಾಕ್ಯ. ‘ಗದ್ದುಗೆಗೆ ಪತ್ರೆ ಅರ್ಪಿಸಲು ಹಾಗೂ ಕೊಂಡೊಯ್ಯಲು ಯಾವುದೇ ನಿರ್ಬಂಧ ಇರುವುದಿಲ್ಲವೆಂದು ತಿಳಿಸಲಾಗಿದೆ.’ ಬರೆದ ಅಧಿಕಾರಿಯ ತಪ್ಪೇನೂ ಇರಲಿಲ್ಲ. ಓದಿದ ಅಂಚೆಯವನದೂ ಇರಲಿಲ್ಲ. ಅವನು ತನ್ನ ಊರಿನ ನಾಲಿಗೆಯಲ್ಲಿ ಪತ್ರೆಯನ್ನು ಪತ್ರಿ ಎಂದೇ ಓದಿದ್ದ, ಅಲ್ಲಿಯ ಯಾರಾದರೂ ಹಾಗೆಯೇ ಓದುತ್ತಿದ್ದರು. ಮೇಷ್ಟ್ರ ಎತ್ವ ಸರ್ಕಾರದ ತನಕ ಹೋಗಿ, ದೇಶನೂರಿಗೆ ಬಂದು ಮತ್ತೆ ಗುಡಿಸಾಗಿತ್ತು.

“ಎರ್ರೆಪ್ಪ, ಸ್ವಲ್ಪ ಕೂಡು,” ಎಂದರು.

“ಕೂಡಾಕ ಟೈಮಿಲ್ರಿ. ಕುರುಗೋಡಿನಾಗ ನಮ್ಮ ಅಜ್ಜನ ಶಿಷ್ಯರದೊಂದು ಗದ್ದುಗಿ ಐತಿ. ಪೊಲೀಸ್ನೋರಿಗೆ ಅಂಜಿ ಅಲ್ಲಿ ಪತ್ರಿ ಏರಿಸೋದೇ ಬಿಟ್ಟಾರ. ಅವರಿಗೆ ಮುಟ್ಟಿಸಿ ಬರ್ತೀನಿ.” ಚೀಲ ತಟ್ಟಿ ತೋರಿಸಿದ. “ಇನ್ನ ಮುಚ್ಚಿಕೊಂಡು ಒಯ್ಯಾದೇನೈತಿ?”

ಸುತ್ತ ಪಹಣಿಗೆ ಬಂದವರು, ಸ್ಟಾಂಪು ಮಾರುವವರು ನಿಂತಿದ್ದರು. ಎಲ್ಲರೂ ಮೇಷ್ಟ್ರನ್ನು ಹೊಗಳುತ್ತಿದ್ದರು. ಇಂಥ ಹೊತ್ತಿನಲ್ಲಿ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಎರ್ರೆಪ್ಪ ಕಾಗದವನ್ನು ಮಡಚಿ ಅಂಗಿಯ ಒಳಜೇಬಿಗಿಟ್ಟು, ತೆಂಗಿನಕಾಯಿಯನ್ನು ಅವರ ಮುಂದಿಟ್ಟು ಬಸ್‌ಸ್ಟ್ಯಾಂಡಿನ ದಾರಿ ಹಿಡಿದ.

ಮೇಷ್ಟ್ರು ಒಂದು ಅರ್ಜಿ ಎತ್ತಿಕೊಂಡರು, ಒಂದು ಸಾಲು ಬರೆದರು, ಹೊಡೆದುಹಾಕಿದರು. ಎದ್ದರು. ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿಗೆ ಓಡಿದರು. ಅರವತ್ತೆರಡರ ಮನುಷ್ಯ, ಧೋತ್ರದ ಚುಂಗು ಕೈಯಲ್ಲಿ ಹಿಡಿದು ಓಡುವುದನ್ನು ಸಿರುಗುಪ್ಪ ಅದೇ ಮೊದಲು ನೋಡಿದ್ದು. ಕುರುಗೋಡಿನ ಬಸ್ಸು ಹೋಗಿ ಐದು ನಿಮಿಷವಾಗಿತ್ತು. ಮುಂದಿನದಕ್ಕೆ ಒಂದೂವರೆ ತಾಸು. ಆ ಒಂದೂವರೆ ತಾಸು ಅವರು ಒಂದು ಕಡೆ ನಿಲ್ಲಲಿಲ್ಲ. ಕಂಡಕ್ಟರನನ್ನು ಕೇಳಿದ್ದನ್ನೇ ನಾಲ್ಕು ಸಲ ಕೇಳಿ ಬೈಸಿಕೊಂಡರು.

ಕುರುಗೋಡಿನಲ್ಲಿ ಇಳಿದು ಕಂಡವರನ್ನೆಲ್ಲ ವಿಚಾರಿಸುತ್ತಿದ್ದಾಗ ಹಣ್ಣು ಮಾರುವ ದುರುಗಮ್ಮ ಎಂಬಾಕೆ ಹೇಳಿದಳು. “ದೇಶನೂರಿನ ಮುದುಕನ್ನ ಕೇಳ್ತೀರೇನ್ರಿ? ಪೊಲೀಸ್ನೋನ ಮುಂದ ತಾನಾಗೇ ಚೀಲ ಬಿಚ್ಚಿ ತೋರಿಸಿದ ನೋಡ್ರಿ! ನಂಗ ಪರ್ಮಿಟ್ ಐತಿ ಅಂತಿದ್ದ. ಠಾಣೇಕ ಕರ್ಕೊಂಡು ಹೋದ್ರು.”

ಠಾಣೆಯಲ್ಲಿ ಎರ್ರೆಪ್ಪ ಗೋಡೆಗೊರಗಿ ನೆಲದ ಮೇಲೆ ಕೂತಿದ್ದ. ಮೇಷ್ಟ್ರನ್ನು ಕಂಡದ್ದೇ ಮುಖ ಅರಳಿತು. “ಬಂದ್ರು ನೋಡ್ರಿ ನಮ್ಮ ಮೇಷ್ಟ್ರು! ಈಗ ಕೇಳ್ರಿ ಸಾಹೇಬ್ರ. ಅವರು ಬರದಿದ್ರಾಗ ತಪ್ಪಿರಂಗಿಲ್ಲ.”

ಸಬ್‌ಇನ್ಸ್‌ಪೆಕ್ಟರ್ ಚಿಕ್ಕ ವಯಸ್ಸಿನವನು, ಕೆಟ್ಟವನೇನಲ್ಲ. ಕುರ್ಚಿ ಸರಿಸಿ, ಕಾಗದವನ್ನು ಮೇಷ್ಟ್ರ ಮುಂದಿಟ್ಟ. “ಕುಂದ್ರಿ ಸರ. ಇದರಾಗ ಪತ್ರೆ ಅಂತೈತಿ. ಚೀಲದಾಗ ಗಾಂಜಾ ಐತಿ. ಇವನು ನೋಡಿದ್ರ ನನಗೇ ಕಾಯ್ದೆ ಹೇಳ್ತಾನ. ಏನಿದು?”

ಮೇಷ್ಟ್ರು ಕೂಡಲಿಲ್ಲ. ಮೇಜಿನ ಅಂಚು ಹಿಡಿದುಕೊಂಡು ನಿಂತೇ ಹೇಳಿದರು.

“ಅವನು ಗಾಂಜಾ ಅಂತ ಬರೀರಿ ಅಂದಿದ್ದ. ನಾನು ಬರೀಲಿಲ್ಲ. ಪತ್ರಿ ಅಂದಿದ್ದನ್ನ ಪತ್ರೆ ಅಂತ ಮಾಡ್ದೆ. ನನ್ನ ಹೆಸರು ಕೆಡತೈತಿ ಅಂತ ಹೆದರಿದೆ. ಎಮ್ಮೆಲ್ಲೆ ಸಾಹೇಬ್ರ ಮುಂದೂ ಅವನ್ನ ಮಾತಾಡಾಕ ಬಿಡಲಿಲ್ಲ. ಅವನದೇನೂ ತಪ್ಪಿಲ್ಲ, ಹಂಗಂತ ಬೇಕಾದ್ರ ಬರಕೊಡ್ತೀನಿ.”

“ಬರಕೊಡ್ರಿ, ಕೋರ್ಟಿನಾಗ ಉಪಯೋಗಕ್ಕ ಬಂದೀತು,” ಎಂದ ಸಬ್‌ಇನ್ಸ್‌ಪೆಕ್ಟರ್. “ಆದ್ರ ಇವತ್ತು ಇವನನ್ನ ಬಿಡಾಕ ಬರಂಗಿಲ್ಲ ಸರ.”

ಮೇಷ್ಟ್ರು ಬೈಗುಳಕ್ಕೆ ತಯಾರಾಗಿ ಎರ್ರೆಪ್ಪನ ಕಡೆ ತಿರುಗಿದರು. ಅವನು ಬೈಯಲಿಲ್ಲ. ಜೈಲಿನ ಮಾತನ್ನೂ ಎತ್ತಲಿಲ್ಲ. ಮೆಲ್ಲಗೆ ಕೇಳಿದ.

“ಅಂದ್ರ ಮೇಷ್ಟ್ರ, ನಾ ಕೇಳಿದ್ದು ಡೆಲ್ಲಿತನಕ ಹೋಗೇ ಇಲ್ಲೇನ್ರಿ? ಬ್ಯಾಡ ಅಂತನಾದ್ರೂ ಅವರು ಅಂದಿಲ್ಲೇನು?”

“ಇಲ್ಲ ಎರ್ರೆಪ್ಪ. ಯಾರೂ ಏನೂ ಅಂದಿಲ್ಲ. ನಾನು ಕೇಳಲೇ ಇಲ್ಲ.”

ಪೊಲೀಸರು ಕೈ ಹಿಡಿದು ಎಳೆದಾಗಲೂ ನಗುತ್ತಿದ್ದ ಮನುಷ್ಯ, ಹೆಗಲ ಮೇಲಿನ ವಸ್ತ್ರವನ್ನು ಮುಖಕ್ಕೆ ಒತ್ತಿಕೊಂಡು ಅಳತೊಡಗಿದ.