ಈಶಾನ್ಯ ಮೂಲೆಯ ಐಸ್ ಮೆಷಿನ್

ಕೇಳುವವರು ಮೊದಲೇ ಕ್ಷಮಿಸಬೇಕು. ಒಬ್ಬ ಹೆಣ್ಣುಮಗಳ ಸಂಕಟವನ್ನು ಒಂದು ಪೈಪಿನ ಕಥೆಯ ಜೊತೆ ಸೇರಿಸಿ ಹೇಳುವುದು ಸರಿಯೋ ತಪ್ಪೋ ಎಂದು ಬಹಳ ದಿನ ಹಿಂದೆಮುಂದೆ ನೋಡಿದ್ದಾಯಿತು. ಹೇಳುವಷ್ಟು ತಿಳಿವಳಿಕೆ ಇದೆಯೇ ಎಂಬ ಅಂಜಿಕೆಯೂ ಇದೆ. ಆದರೆ ಇಂಥದೇ ಪೈಪು ಇನ್ನೆಷ್ಟು ಅಂಗಡಿಗಳಲ್ಲಿದೆಯೋ ಎಂದು ನೆನೆದಾಗ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ.

ನಾಗಸಂದ್ರದ ಮೆಟ್ರೋ ನಿಲ್ದಾಣದಿಂದ ಎರಡು ಅಡ್ಡರಸ್ತೆ ಒಳಗೆ ಚಿಕ್ಕಬೈರಪ್ಪನವರ ಮೂರಂತಸ್ತಿನ ಕಟ್ಟಡ. ಒಂದು ಕಾಲಕ್ಕೆ ಅದು ಅವರ ರಾಗಿ ಹೊಲ. ಈಗ ಮೇಲೆ ಆರು ಬಾಡಿಗೆ ಮನೆ, ಕೆಳಗೆ ಸೊಸೆ ಮಂಜುಶ್ರೀಯ ಜ್ಯೂಸ್ ಅಂಗಡಿ. ಪೀಣ್ಯದ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿದವರು ಅಲ್ಲಿ ನಿಂತು ನಿಂಬೆ ಶರಬತ್ತೋ ಮಜ್ಜಿಗೆಯೋ ಕುಡಿದು ಮನೆಗೆ ಹೋಗುತ್ತಿದ್ದರು.

ಮೊದಲೆಲ್ಲ ಐಸ್ ಗಡ್ಡೆ ಆಟೋದಲ್ಲಿ ಬರುತ್ತಿತ್ತು. ಗೋಣಿಚೀಲ ಸುತ್ತಿ, ರಸ್ತೆಯಿಂದ ಅಂಗಡಿಯವರೆಗೆ ನೆಲದ ಮೇಲೇ ಎಳೆದು ತರುತ್ತಿದ್ದರು. ಮಂಜುಶ್ರೀಗೆ ಅದು ಹಿಡಿಸುತ್ತಿರಲಿಲ್ಲ. ಹಠ ಹಿಡಿದು ಮೆಷಿನ್ ತರಿಸಿದಳು. ನೀರಿನ ಸಂಪರ್ಕ ಕೊಟ್ಟರೆ ತಾನೇ ಐಸ್ ತುಂಡು ಮಾಡಿ ಕೆಳಗಿನ ಪೆಟ್ಟಿಗೆಗೆ ಉದುರಿಸುವ ಮೆಷಿನ್. ಶುಚಿಯಾಗಿರಲಿ ಎಂದೇ ತಂದದ್ದು. ಅದನ್ನು ಮರೆಯಬಾರದು.

ಕೂರಿಸಲು ಬಂದವನು ಸಿದ್ದರಾಜು. ಫ್ರಿಜ್ಜು, ಏಸಿ, ಐಸ್ ಮೆಷಿನ್ ರಿಪೇರಿ ಮಾಡುವ ಮೆಕ್ಯಾನಿಕ್. ಅಂಗಡಿಯನ್ನು ಒಮ್ಮೆ ಸುತ್ತಿ ನೋಡಿ, "ಬಾಗಿಲ ಪಕ್ಕ ಇಡೋಣ ಅಕ್ಕ. ಒಲೆ ದೂರ ಇದೆ, ಮೆಷಿನ್ ಹಿಂದೆ ಗಾಳಿ ಆಡುತ್ತೆ, ನೀರು ಹೋಗೋಕೆ ನೆಲದಲ್ಲಿ ಜಾಲರಿನೂ ಇದೆ" ಎಂದ.

"ಅದೆಂಗಾಯ್ತದೆ?" ಎಂದರು ಚಿಕ್ಕಬೈರಪ್ಪ. "ಐಸ್ ಅಂದ್ರೆ ನೀರಲ್ವೇನಪ್ಪ? ನೀರು ಈಶಾನ್ಯದಾಗೇ ಇರ್ಬೇಕು. ಆ ಮೂಲೇಗಿಡು."

ಆ ಮೂಲೆಯಲ್ಲಿ ಕಟ್ಟಡದ ಚರಂಡಿಯ ಚೇಂಬರ್ ಇತ್ತು. ಆರು ಮನೆಯ ಬಚ್ಚಲು, ಕಕ್ಕಸಿನ ನೀರೆಲ್ಲ ಅದರಲ್ಲೇ ಇಳಿದು ರಸ್ತೆಯ ಚರಂಡಿಗೆ ಹೋಗುತ್ತಿತ್ತು. ಕಟ್ಟುವಾಗ ಅದು ಹೊರಗಿದ್ದದ್ದೇ. ಆಮೇಲೆ ಅಂಗಡಿಯನ್ನು ಐದಡಿ ಆಚೆಗೆ ಎಳೆದುಕೊಂಡಾಗ ಒಳಗೆ ಸೇರಿಕೊಂಡಿತು.

ಸಿದ್ದರಾಜು ಕಾಲಿನಿಂದ ಮುಚ್ಚಳ ತಟ್ಟಿ ಕೇಳಿದ. "ಈಶಾನ್ಯದಲ್ಲಿ ಕಕ್ಕಸಿನ ಚೇಂಬರ್ ಇರಬಹುದಾ ಯಜಮಾನ್ರೇ?"

"ಮುಚ್ಚಳ ಆಕಿದೀವಲ್ಲಯ್ಯ! ಮುಚ್ಚಿದ್ಮೇಲೆ ಅದು ಲೆಕ್ಕಕ್ಕಿಲ್ಲ."

ಮೂವರೂ ನಕ್ಕರು. ಮೆಷಿನ್ ಆ ಮೂಲೆಗೇ ಹೋಯಿತು, ಗೋಡೆಗೆ ಒತ್ತಿಕೊಂಡು.

ಆಮೇಲೆ ಸಿದ್ದರಾಜು ಒಂದು ಪೈಪನ್ನು ಕೈಯಲ್ಲಿ ಹಿಡಿದ. "ಅಕ್ಕ, ಐಸ್ ಕರಗಿದ ನೀರು ಪೆಟ್ಟಿಗೆಯಿಂದ ಹೊರಗೆ ಬರೋದು ಇದ್ರಲ್ಲಿ. ಇದರ ಬಾಯಿ ಮೋರಿಗೆ ತಾಗಬಾರ್ದು. ನಾಲ್ಕು ಬೆರಳು ಮೇಲೆ ನಿಲ್ಲಬೇಕು. ನೀರು ಬೀಳೋದು ಕಣ್ಣಿಗೆ ಕಾಣ್ಬೇಕು."

"ಒಳಗೆ ನೀರು ತೊಟ್ಟಿಕ್ಕಬಾರ್ದು ಕಣಯ್ಯ. ಮನೆ ಲಕ್ಷ್ಮಿ ಸೋರೋಯ್ತಾಳೆ. ಪೈಪ್ನ ಚೇಂಬರ್ ಒಳಕ್ಕೇ ಬಿಡು, ಸುತ್ತ ಸಿಮೆಂಟ್ ಮೆತ್ತು."

ಸಿದ್ದರಾಜು ಮಂಜುಶ್ರೀಯ ಮುಖ ನೋಡಿದ. ಅವಳಿಗೆ ಏನೂ ತಿಳಿಯದು. ಮಾವನ ಎದುರು ಮಾತಾಡಿ ರೂಢಿಯೂ ಇಲ್ಲ. "ಮಾವ ಹೇಳ್ದಂಗೇ ಮಾಡ್ಬಿಡಿ" ಎಂದಳು. ಅವನಿಗೆ ಆ ದಿನ ಇನ್ನೂ ಮೂರು ಕಡೆ ಕೆಲಸವಿತ್ತು. "ಬೇಡ" ಎಂದು ಇನ್ನೊಮ್ಮೆ ಅಂದ, ಮೆಲ್ಲಗೆ. ಆಮೇಲೆ ಸಿಮೆಂಟ್ ಕಲಸಿದ.

ಮೆಷಿನ್ನಿಗೆ ಅರಿಶಿನ ಕುಂಕುಮ ಇಟ್ಟು ಪೂಜೆ ಆಯಿತು. ಅದರ ಜೊತೆ ಬಂದ ಪುಸ್ತಕವನ್ನು ಯಾರೂ ಬಿಚ್ಚಿ ನೋಡಲಿಲ್ಲ. ಪೆಟ್ಟಿಗೆ ತಣ್ಣಗಿರುತ್ತದಲ್ಲ, ಬಾಡಿಗೆಯವರು ಹಾಲಿನ ಪ್ಯಾಕೆಟ್ ತಂದಿಟ್ಟರು, ಹೂವಿನವಳು ಮಾರಿ ಉಳಿದ ಮಲ್ಲಿಗೆ ಇಟ್ಟಳು. ಭಾನುವಾರ ಚಿಕ್ಕಬೈರಪ್ಪನವರ ಕೋಳಿಯೂ ಕವರಿನಲ್ಲಿ ಸುತ್ತಿಸಿಕೊಂಡು ಐಸ್ ಮೇಲೆ ಮಲಗಿತು. ಒಮ್ಮೆ ಸರ್ವಿಸಿಗೆ ಬಂದ ಸಿದ್ದರಾಜು ಪೆಟ್ಟಿಗೆಯ ಅಂಚಿಗೆ ಬೆರಳಾಡಿಸಿ, ಅಂಟಿದ ಲೋಳೆ ತೋರಿಸಿದ. "ತೊಳೀಬೇಕು ಅಕ್ಕ, ತಿಂಗಳಿಗೊಂದ್ಸಲನಾದ್ರೂ."

"ಐಸ್‌ನಾಗೆ ಯಾವ ಉಳ ಬದುಕ್ತದೆ ಏಳಯ್ಯ?" ಎಂದು ಚಿಕ್ಕಬೈರಪ್ಪ ಕೇಳಿದರು. "ನಾನೂ ನೀನೂ ಅದ್ರಾಗೆ ಕುಂತ್ರೆ ಸತ್ತೋಯ್ತೀವಿ. ಉಳ ಬದುಕ್ತದಾ?"

"ಹುಳ ಸಾಯಲ್ಲ ಯಜಮಾನ್ರೇ. ಸುಮ್ನೆ ಮಲಗಿರುತ್ತೆ. ಹೊಟ್ಟೆಗೆ ಹೋದ್ಮೇಲೆ ಬೆಚ್ಚಗಾಗಿ ಏಳುತ್ತೆ."

"ಬಂದ್ಬಿಟ್ಟ ಡಾಕ್ಟ್ರು!" ಎಂದು ಮುದುಕ ನಕ್ಕರು. ಮಾತು ಅಲ್ಲಿಗೆ ನಿಂತಿತು.

ಎರಡನೆಯ ಮಹಡಿಯಲ್ಲಿ ಶಾಂತಿ, ಪ್ರಸನ್ನ ಎಂಬ ದಂಪತಿ ಬಾಡಿಗೆಗಿದ್ದರು. ಪ್ರಸನ್ನ ಪೀಣ್ಯದಲ್ಲಿ ಲೇತ್ ಆಪರೇಟರ್. ಶಾಂತಿಗೆ ಆರನೇ ತಿಂಗಳು. ಚೊಚ್ಚಲು. ದಿನಾ ಸಂಜೆ ಮೆಟ್ಟಿಲಿಳಿದು ಬರುತ್ತಿದ್ದಳು, ನಾಚಿಕೊಂಡೇ ಕೇಳುತ್ತಿದ್ದಳು. "ಅಕ್ಕಾ, ಒಂದೆರಡು ತುಂಡು ಐಸ್ ಕೊಡಿ. ಕಟುಂ ಅಂತ ಅಗೀಬೇಕು ಅನ್ಸುತ್ತೆ."

"ಹುಣಸೆಕಾಯಿ ಬಿಟ್ಟು ಇದೆಂಥಾ ಬಯಕೇನೇ ನಿಂದು?" ಎಂದು ಮಂಜುಶ್ರೀ ತಮಾಷೆ ಮಾಡುತ್ತ ಲೋಟ ತುಂಬ ಕೊಡುತ್ತಿದ್ದಳು. ಬಸುರಿ ಬಾಯಿಬಿಟ್ಟು ಕೇಳಿದ್ದಕ್ಕೆ ಇಲ್ಲ ಎನ್ನಬಾರದು ಎಂದು ಅವಳ ನಂಬಿಕೆ. ಒಂದು ದಿನವೂ ಇಲ್ಲ ಎನ್ನಲಿಲ್ಲ.

ಮೇ ತಿಂಗಳಲ್ಲಿ ಒಂದು ಸಂಜೆ ಜೋರು ಮಳೆ ಬಿತ್ತು. ರಸ್ತೆಯ ಚರಂಡಿ ಕಟ್ಟಿಕೊಂಡು ಉಕ್ಕಿತು. ಬೆಳಿಗ್ಗೆ ಅಂಗಡಿ ತೆಗೆದಾಗ ಕೆಟ್ಟ ವಾಸನೆ, ಮೆಷಿನ್ನಿನ ಕೆಳಗೆ ತೇವ. ಮಂಜುಶ್ರೀ ಫಿನೈಲ್ ಹಾಕಿ ನೆಲವನ್ನು ಮೂರು ಸಲ ಉಜ್ಜಿದಳು. ಪೆಟ್ಟಿಗೆಯಲ್ಲಿ ಐಸ್ ಬೆಳ್ಳಗೇ ಇತ್ತು. ಅದರ ತಳ ನೋಡಬೇಕು ಎಂದು ಹೊಳೆಯಲಿಲ್ಲ. ಆ ಸಂಜೆಯೂ ಶಾಂತಿ ಲೋಟ ಹಿಡಿದು ಬಂದಳು.

ನಾಲ್ಕು ವಾರ ಕಳೆದಿರಬಹುದು. ಶಾಂತಿಗೆ ವಾಂತಿ, ಸುಸ್ತು. ಆಮೇಲೆ ಕಣ್ಣು ಹಳದಿಯಾಯಿತು. ಆಸ್ಪತ್ರೆಗೆ ಸೇರಿಸಿದರು. ಕಾಮಾಲೆ, ಕೊಳಕು ನೀರಿನಿಂದ ಬರುವಂಥದ್ದು, ಬಸುರಿಯರಿಗೆ ಬಂದರೆ ಕಷ್ಟ ಎಂದರು ಡಾಕ್ಟರು.

ಮೂರನೆಯ ದಿನ ಆಶಾ ಕಾರ್ಯಕರ್ತೆ ವನಜಾ ಮನೆಗೆ ಬಂದಳು. ಬಟ್ಟೆ ಒಯ್ಯಲು ಬಂದಿದ್ದ ಪ್ರಸನ್ನನನ್ನು ಮೆಟ್ಟಿಲ ಮೇಲೇ ನಿಲ್ಲಿಸಿ ಕೇಳಿದಳು.

"ಕುಡಿಯೋ ನೀರು ಕಾಯಿಸ್ತಿದ್ರಾ?"

"ದಿನಾ ಕಾಯಿಸ್ತಿದ್ವಿ ಮೇಡಂ. ನೀವು ಹೇಳಿದ್ಮೇಲೆ ಒಂದಿನಾನೂ ಬಿಟ್ಟಿಲ್ಲ."

"ಹೊರಗೆ ಏನಾದ್ರೂ ತಿಂತಿದ್ರಾ?"

"ಇಲ್ಲ. ಐಸ್ ಒಂದೇ. ಅದೂ ಹೊರಗಿಂದಲ್ಲ, ಕೆಳಗೆ ನಮ್ಮಕ್ಕನ ಅಂಗಡೀದು."

ಮಂಜುಶ್ರೀ ಆಗ ಲೋಟ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಿದಳು. ಕಾಯಿಸಿದ ನೀರು ಕುಡಿದ ಹುಡುಗಿಗೆ ತಾನು ದಿನಾ ಕಾಯಿಸದ ನೀರನ್ನೇ ಗಟ್ಟಿ ಮಾಡಿ ಕೊಡುತ್ತಿದ್ದೆ ಎಂಬುದು ಆ ಕ್ಷಣದವರೆಗೆ ಅವಳಿಗೆ ತೋಚಿರಲಿಲ್ಲ. ಕೈ ಒರೆಸಿಕೊಂಡು ಸಿದ್ದರಾಜುವಿಗೆ ಫೋನ್ ಮಾಡಿದಳು.

ಸಿದ್ದರಾಜು ಬಂದವನೇ ಮೆಷಿನ್ ಆಫ್ ಮಾಡಿ, ಐಸ್ ಎಲ್ಲ ತೆಗೆದು ಚೆಲ್ಲಿದ. ಪೆಟ್ಟಿಗೆಯ ತಳದಲ್ಲಿ, ನೀರು ಹೋಗುವ ತೂತಿನ ಸುತ್ತ ಕರಿ ಗೆರೆ. ಅವನು ತಲೆ ತಗ್ಗಿಸಿಕೊಂಡು ಹೇಳಿದ. "ಮೋರಿ ನೀರು ಇಲ್ಲೀವರೆಗೂ ಬಂದು ಹೋಗಿದೆ ಅಕ್ಕ. ಅವತ್ತು ನಾನು ಸ್ಪಾನರ್ ಕೆಳಗಿಟ್ಟು, ಮಾಡಲ್ಲ ಅಂತ ಎದ್ದು ಹೋಗ್ಬೇಕಿತ್ತು."

"ಸುಮ್ನೆ ಇಲ್ದಿದ್ದೆಲ್ಲ ಏಳ್ಬೇಡ" ಎಂದು ಚಿಕ್ಕಬೈರಪ್ಪ ರೇಗಿದರು. "ನೀರು ಕೆಳಿಕ್ಕೆ ಅರೀತದಾ, ಮೇಲಿಕ್ಕೆ ಅರೀತದಾ? ನನ್ಗೆ ಎಪ್ಪತ್ತೊರ್ಷ. ನೀರು ಮೇಲಿಕ್ಕೆ ಅತ್ತಿದ್ದು ನಾನ್ ಕಂಡಿಲ್ಲ."

"ತಗೊಳ್ಳಿ, ಈಗ ನೋಡಿ" ಎಂದು ಸಿದ್ದರಾಜು ಹೊರಗೆ ಹೋದ. ರಸ್ತೆ ಬದಿಯ ಚೇಂಬರಿನ ಮುಚ್ಚಳ ಎತ್ತಿ, ಕಟ್ಟಡದಿಂದ ಬರುವ ಪೈಪಿನ ಬಾಯಿಗೆ ಗೋಣಿಚೀಲ ತುರುಕಿದ. "ಮಳೇಲಿ ಚರಂಡಿ ಕಟ್ಕೊಳ್ಳುತ್ತಲ್ಲ, ಹಾಗೇ ಇದು. ಅಕ್ಕ, ಬಕೆಟ್‌ನಲ್ಲಿ ಅರಿಶಿನ ಕದಡಿ ಮೇಲಿನ ಬಚ್ಚಲಿಗೆ ಸುರೀರಿ."

ಮಂಜುಶ್ರೀ ಐದು ಬಕೆಟ್ ಸುರಿದಳು. ಏನೂ ಆಗಲಿಲ್ಲ. ಚಿಕ್ಕಬೈರಪ್ಪ ಮೆಷಿನ್ನಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಪೆಟ್ಟಿಗೆಯೊಳಗೇ ನೋಡುತ್ತಿದ್ದರು. "ಎಲ್ಲಯ್ಯಾ?" ಎಂದರು. ಇನ್ನೂ ನಾಲ್ಕು ಬಕೆಟ್ ಆಯಿತು. ಒಳಗೆ ಗುಳುಗುಳು ಎಂದಿತು. ಸಿಮೆಂಟ್ ಮೆತ್ತಿದ ಮುಚ್ಚಳ ಮಿಸುಕಲಿಲ್ಲ. ದಾರಿ ಸಿಕ್ಕದ ನೀರು ಪೈಪು ಹಿಡಿದು ಮೇಲಕ್ಕೆ ಬಂತು. ಐಸ್ ಇರುತ್ತಿದ್ದ ಬಿಳಿ ಪೆಟ್ಟಿಗೆಯ ತಳದಲ್ಲಿ ಹಳದಿ ನೀರು ನಿಧಾನವಾಗಿ ಹರಡಿತು. ಅದರ ಜೊತೆ ಒಂದಿಷ್ಟು ಕೂದಲು, ಸೋಪಿನ ನೊರೆ, ಇನ್ನೂ ಹೇಳಬಾರದ್ದು.

ಚಿಕ್ಕಬೈರಪ್ಪ ಪೈಪಿನ ಸುತ್ತಲ ಸಿಮೆಂಟನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಸಿಮೆಂಟ್ ಮೆತ್ತು ಅಂದೋನು ನಾನು" ಎಂದರು.

"ಮಾವ, ಪ್ರಸನ್ನಂಗೆ ಹೇಳ್ಬೇಕು" ಎಂದಳು ಮಂಜುಶ್ರೀ. ಮಾವನ ಎದುರು ಅವಳ ದನಿ ಅಷ್ಟು ಗಟ್ಟಿಯಾಗಿ ಬಂದದ್ದು ಅದೇ ಮೊದಲು. "ಡಾಕ್ಟ್ರಿಗೂ ಹೇಳ್ಬೇಕು. ಇಲ್ಲಿ ಕುಡ್ದೋರು ಬೇರೆಯವರೂ ಇದಾರೆ."

"ಏಳಣ ಕಣವ್ವ. ನಾನೇ ಬತ್ತೀನಿ."

ಚಿಕ್ಕಬೈರಪ್ಪ ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು, ಪ್ರಸನ್ನನಿಗೆ ಎಲ್ಲವನ್ನೂ ಹೇಳಿದರು. ಪ್ರಸನ್ನ ಕೂಗಾಡಲಿಲ್ಲ. "ಅವಳಿಗೆ ಈಗ್ಲೇ ಹೇಳ್ಬೇಡಿ" ಎಂದಷ್ಟೇ ಕೇಳಿಕೊಂಡು ಒಳಗೆ ಹೋದ. ವನಜಾ ಬೀದಿಯ ಮನೆಮನೆಗೆ ಹೋಗಿ ವಾಂತಿ, ಜ್ವರ, ಕಣ್ಣು ಹಳದಿ ಏನಾದರೂ ಇದೆಯೇ ಎಂದು ವಿಚಾರಿಸಿದಳು. ಅಂಗಡಿ ಹದಿನೈದು ದಿನ ಮುಚ್ಚಿತ್ತು.

ಆ ಹದಿನೈದು ದಿನದಲ್ಲಿ ಚಿಕ್ಕಬೈರಪ್ಪ ತಾವೇ ಹಾರೆ ಹಿಡಿದು ಸಿಮೆಂಟ್ ಒಡೆದರು. ಮೆಷಿನ್ ಬಾಗಿಲ ಪಕ್ಕಕ್ಕೆ ಬಂತು, ಗೋಡೆಯಿಂದ ಒಂದು ಗೇಣು ಈಚೆಗೆ. ಹಳೆ ಪೈಪು ಎಸೆದು ಹೊಸದು ಹಾಕಿದರು. ಅದರ ಬಾಯಿ ಈಗ ಜಾಲರಿಯಿಂದ ನಾಲ್ಕು ಬೆರಳು ಮೇಲೆ ನಿಲ್ಲುತ್ತದೆ. ನೀರು ತೊಟ್ಟಿಕ್ಕುವುದು ಕಾಣುತ್ತದೆ. "ತೊಟ್ಟಿಕ್ಲಿ ಬಿಡು" ಎಂದರು ಮುದುಕ. ಒಳಬರುವ ನೀರಿಗೆ ಫಿಲ್ಟರ್ ಬಂತು. ಪುಸ್ತಕವನ್ನು ಮಂಜುಶ್ರೀ ಮೊದಲ ಪುಟದಿಂದ ಓದಿದಳು. ತಿಳಿಯದ ಕಡೆ ಸಿದ್ದರಾಜುವನ್ನು ಕೇಳಿದಳು.

ಶಾಂತಿ ಉಳಿದಳು. ಮಗು ಉಳಿಯಲಿಲ್ಲ. ಏಳನೇ ತಿಂಗಳಲ್ಲೇ ಹುಟ್ಟಿ ಎರಡು ದಿನ ಇತ್ತು. ಹೆಣ್ಣು ಮಗು.

ಊರಿಗೆ ಹೋಗುವ ಮುನ್ನ ಶಾಂತಿ ಅಂಗಡಿಯ ಮುಂದೆ ನಿಂತಳು. ಅಷ್ಟರಲ್ಲಿ ಪ್ರಸನ್ನ ಅವಳಿಗೆ ಹೇಳಿದ್ದ.

"ಆ ಐಸ್‌ನಿಂದಾನಾ ಅಕ್ಕ?"

ಮಂಜುಶ್ರೀ ಇದೇ ಪ್ರಶ್ನೆಯನ್ನು ಡಾಕ್ಟರಿಗೂ ಕೇಳಿದ್ದಳು. ಆ ಮಳೆಯಲ್ಲಿ ಸುತ್ತಲಿನ ಎಷ್ಟೋ ಕಡೆ ಕುಡಿಯುವ ನೀರಿಗೇ ಚರಂಡಿ ಸೇರಿರಬಹುದು, ಪಾತ್ರೆ ತೊಳೆದ ನೀರಿನಿಂದಲೂ ಬಂದಿರಬಹುದು, ಹೀಗೇ ಎಂದು ಹೇಳಲಾಗದು ಎಂದಿದ್ದರು ಅವರು. ಅದನ್ನು ಹೇಳಿದರೆ ತನ್ನ ತಪ್ಪನ್ನು ಜಾರಿಸಿದ ಹಾಗಾಗುತ್ತದೆ. ಹೌದು ಎಂದರೆ ತಿಳಿಯದ್ದನ್ನು ತಿಳಿದ ಹಾಗೆ ಹೇಳಿದಂತಾಗುತ್ತದೆ.

"ಗೊತ್ತಿಲ್ಲಮ್ಮ" ಎಂದಳು. "ಇರ್ಬೋದು. ಇಲ್ದೇನೂ ಇರ್ಬೋದು. ನಾನು ನೋಡ್ಕೋಬೇಕಿತ್ತು."

ಶಾಂತಿ ಅವಳ ಕೈಯನ್ನು ಒಂದು ಕ್ಷಣ ಹಿಡಿದಳು. ಆಮೇಲೆ ಬಿಟ್ಟು, ಪ್ರಸನ್ನನ ಹಿಂದೆ ನಡೆದಳು.

ಅಂಗಡಿ, ಹೋಟೆಲು, ಕ್ಯಾಂಟೀನು ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ಇವತ್ತೇ ಒಂದು ಸಲ ನಿಮ್ಮ ಐಸ್ ಮೆಷಿನ್ನಿನ ಹಿಂದೆ ಬಗ್ಗಿ ನೋಡಿ. ನೀರು ಹೋಗುವ ಪೈಪಿನ ಬಾಯಿ ಮೋರಿಯೊಳಗೆ ಇಳಿದಿದ್ದರೆ ಮೆಷಿನ್ ನಿಲ್ಲಿಸಿ, ಮೆಕ್ಯಾನಿಕ್ಕನ್ನು ಕರೆಸಿ. ಅವನು ಬೇಡ ಎಂದರೆ ಯಾಕೆ ಎಂದು ಕೇಳಿ. ಐಸ್ ಕೂಡ ಬಾಯಿಗೆ ಹೋಗುವ ಪದಾರ್ಥ, ಕುಡಿಯುವ ನೀರಿನಷ್ಟೇ ಒಳ್ಳೆಯ ನೀರಿನಿಂದ ಆಗಬೇಕು. ಫಿಲ್ಟರನ್ನು ಹೇಳಿದ ಗಡುವಿಗೆ ಬದಲಿಸಿ. ಪೆಟ್ಟಿಗೆಯಲ್ಲಿ ಹಾಲು, ಹೂವು, ಮಾಂಸ ಯಾವುದೂ ಬೇಡ. ಐಸ್ ತೆಗೆಯುವ ಸೌಟನ್ನು ಐಸ್‌ನಲ್ಲೇ ಹೂತಿಡದೆ ಹೊರಗೆ ಶುದ್ಧ ಡಬ್ಬಿಯಲ್ಲಿಡಿ, ಬರಿಗೈ ಹಾಕಬೇಡಿ. ತೊಳೆಯುವಾಗ ಮೊದಲು ಕರೆಂಟ್ ತೆಗೆಯಿರಿ. ಮೆಷಿನ್ನಿನ ಪುಸ್ತಕದಲ್ಲಿ ಹೇಳಿದ ತೊಳೆಯುವ ಔಷಧಿಯನ್ನೇ ಬಳಸಿ, ಎರಡು ಔಷಧಿ ಬೆರೆಸಬೇಡಿ, ವಿಷದ ಹೊಗೆ ಏಳಬಹುದು. ತೊಳೆದ ಮೇಲೆ ಬೀಳುವ ಮೊದಲ ಐಸ್ ಚೆಲ್ಲಿಬಿಡಿ. ಚರಂಡಿ ಉಕ್ಕಿದ ದಿನ ಐಸ್ ಎಷ್ಟೇ ಬೆಳ್ಳಗಿರಲಿ, ಪೂರ್ತಿ ಚೆಲ್ಲಿ, ಎಲ್ಲ ತೊಳೆಯುವವರೆಗೆ ಯಾರಿಗೂ ಕೊಡಬೇಡಿ.

ಬಸುರಿ ಹೆಣ್ಣುಮಕ್ಕಳಿಗೊಂದು ಮಾತು. ದಿನಾ ಐಸ್ ಅಗಿಯಬೇಕು ಎನ್ನಿಸಿದರೆ ಅದು ಬರಿ ಬಯಕೆ ಆಗಿರಲಿಕ್ಕಿಲ್ಲ. ರಕ್ತ ಕಡಿಮೆ ಇದ್ದರೂ ಹಾಗೆ ಅನ್ನಿಸುತ್ತದಂತೆ. ಆಶಾ ಅಕ್ಕನಿಗೆ ಹೇಳಿ, ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.

ಶಾಂತಿಯ ಮಗುವನ್ನು ಆ ಐಸೇ ತೆಗೆದುಕೊಂಡು ಹೋಯಿತು ಎಂದು ಈ ಕಥೆ ಹೇಳುವುದಿಲ್ಲ. ಪರೀಕ್ಷೆ ಮಾಡಬೇಕು ಎಂದು ಯಾರಿಗಾದರೂ ಹೊಳೆಯುವ ಹೊತ್ತಿಗೆ ಮಳೆ ಬಿದ್ದ ಆ ವಾರದ ಐಸ್ ಕರಗಿಹೋಗಿತ್ತು. ಅದರಲ್ಲಿ ಏನಿತ್ತು ಎಂಬುದು ನಮಗೆ ಗೊತ್ತಿಲ್ಲ.